ಡಬ್ಲ್ಯೂಎಕ್ಸ್‌ವಿಜೆಟ್ಸ್: ಹೊಸ ವಿಜೆಟ್ ಬೇಡ, ಇರುವವು ಮೂರು ಕಡೆಯೂ ಮಾತಿಗೆ ನಿಲ್ಲಲಿ

ಒಮ್ಮೆ ಬರೆದ ಕೋಡ್ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಮೂರರಲ್ಲೂ ಕಂಪೈಲ್ ಆಗಬೇಕು, ಆದರೆ ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಮೆನು ಮೊದಲಾದ ವಿಜೆಟ್‌ಗಳು ಆಯಾ ವ್ಯವಸ್ಥೆಯ ಸ್ವಂತದವೇ ಆಗಿರಬೇಕು ಎಂದು ಬಯಸುವ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮರುಗಳಿಗೆ ಆಯ್ಕೆಗಳು ಹೆಚ್ಚಿಲ್ಲ. ಇರುವ ಕೆಲವೇ ಆಯ್ಕೆಗಳಲ್ಲಿ ಹಳೆಯದೂ ನನ್ನ ಮಟ್ಟಿಗೆ ಹೆಚ್ಚು ನಂಬಿಕಸ್ಥವೂ ಆದದ್ದು ಡಬ್ಲ್ಯೂಎಕ್ಸ್‌ವಿಜೆಟ್ಸ್ ಎಂಬ ಚೌಕಟ್ಟು. ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ಬರುವ ಅಂಕಿಗಳನ್ನು ಕೋಷ್ಟಕದಲ್ಲಿ ತುಂಬಿ, ಗೆರೆನಕ್ಷೆ ಬಿಡಿಸಿ, ಕೊನೆಗೆ ಕಾಗದದ ಮೇಲೆ ಮುದ್ರಿಸಿಕೊಡುವ ಒಂದು ತಂತ್ರಾಂಶವನ್ನು ನಾನು ಹಲವು ವರ್ಷಗಳಿಂದ ಇದರಲ್ಲೇ ನಿರ್ವಹಿಸುತ್ತಿದ್ದೇನೆ. ಈ ವಿಮರ್ಶೆ ಮುಖ್ಯವಾಗಿ 3.2 ಸರಣಿಯ ದಿನನಿತ್ಯದ ಬಳಕೆಯನ್ನು ಆಧರಿಸಿದೆ, 3.3ರ ಬಗ್ಗೆ ಹೇಳಬೇಕಾದಲ್ಲಿ ಹಾಗೆಂದೇ ಹೇಳಿದ್ದೇನೆ. ಕ್ಲಾಸ್‌ಗಳ ಹೆಸರಿಗೆ ಅಂಟಿಕೊಂಡು ಬರುವ ‘ಡಬ್ಲ್ಯೂಎಕ್ಸ್’ ಎಂಬ ಪೂರ್ವಪದವನ್ನು ಓದುವ ಅನುಕೂಲಕ್ಕಾಗಿ ಬಿಟ್ಟಿದ್ದೇನೆ.

ಇದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಇಂದಿನ ಕೊರತೆಗಳ ಬೇರು ಅಲ್ಲಿದೆ. 1992ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಅನ್ವಯ ಸಂಸ್ಥೆಯಲ್ಲಿದ್ದ ಜೂಲಿಯನ್ ಸ್ಮಾರ್ಟ್ ಅವರು ವಿಂಡೋಸ್ ಮತ್ತು ಯುನಿಕ್ಸ್‌ನ ಎಕ್ಸ್ ವಿಂಡೋ ವ್ಯವಸ್ಥೆ ಎರಡಕ್ಕೂ ಒಂದೇ ಕೋಡ್‌ನಿಂದ ತಂತ್ರಾಂಶ ಕಟ್ಟಲು ಇದನ್ನು ಆರಂಭಿಸಿದರು. ಹೆಸರಿನಲ್ಲಿರುವ ‘ಡಬ್ಲ್ಯೂ’ ಮತ್ತು ‘ಎಕ್ಸ್’ ಆ ಎರಡನ್ನೇ ಸೂಚಿಸುತ್ತವೆ. ಮೊದಲಿಗೆ ಡಬ್ಲ್ಯೂಎಕ್ಸ್‌ವಿಂಡೋಸ್ ಎಂದಿದ್ದ ಹೆಸರು, ಮೈಕ್ರೋಸಾಫ್ಟ್‌ನ ಟ್ರೇಡ್‌ಮಾರ್ಕ್ ವಿಚಾರ ಬಂದ ಮೇಲೆ 2004ರಲ್ಲಿ ಈಗಿನ ರೂಪಕ್ಕೆ ತಿರುಗಿತು. ಪರವಾನಗಿಯ ವಿಷಯದಲ್ಲಿ ಇದರಷ್ಟು ಧಾರಾಳವಾದದ್ದು ಈ ಗಾತ್ರದ ಲೈಬ್ರರಿಗಳಲ್ಲಿ ವಿರಳ. ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಒಂದು ವಿನಾಯಿತಿ ಸೇರಿಸಿರುವುದರಿಂದ, ಲೈಬ್ರರಿಯನ್ನು ಸ್ಥಿರವಾಗಿ ಲಿಂಕ್ ಮಾಡಿ ಒಂದೇ ಕಡತವಾಗಿ ಕಟ್ಟಿದ ತಂತ್ರಾಂಶವನ್ನು ನಮ್ಮ ಇಚ್ಛೆಯ ಷರತ್ತುಗಳಲ್ಲಿ ಮಾರಬಹುದು, ಮೂಲ ಕೋಡ್ ತೆರೆದಿಡಬೇಕೆಂಬ ಒತ್ತಾಯವಿಲ್ಲ. ಫೈಲ್‌ಜಿಲ್ಲಾ, ಕೀಕ್ಯಾಡ್, ಪೋಎಡಿಟ್, ಕೋಡ್‌ಬ್ಲಾಕ್ಸ್ ಮೊದಲಾದವು ಇದರ ಮೇಲೆಯೇ ನಿಂತಿವೆ. ಆಡಾಸಿಟಿ ಕೂಡ ಬಹುಕಾಲ ಇದರ ಮೇಲಿತ್ತು. ಅದರ 4ನೇ ಆವೃತ್ತಿ ಕ್ಯೂಟಿ ಎಂಬ ಇನ್ನೊಂದು ಚೌಕಟ್ಟಿನತ್ತ ಹೊರಳಿದೆ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ‘ಸರಿ’ ಮತ್ತು ‘ರದ್ದು’ ಎಂಬ ಎರಡು ಗುಂಡಿಗಳ ಒಂದು ಸಣ್ಣ ಸಂವಾದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ‘ಸರಿ’ ಎಡಕ್ಕೆ, ‘ರದ್ದು’ ಬಲಕ್ಕೆ ಇರುವುದು ವಾಡಿಕೆ. ಮ್ಯಾಕ್‌ನಲ್ಲೂ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಇದು ತಿರುವುಮುರುವು, ‘ಸರಿ’ಯೇ ಬಲತುದಿಯಲ್ಲಿ. ಬಹಳಷ್ಟು ಚೌಕಟ್ಟುಗಳಲ್ಲಿ ಕಟ್ಟಿದ ತಂತ್ರಾಂಶವನ್ನು ತೆರೆದ ಕೂಡಲೇ ಅದು ಬೇರೆ ಕಡೆಯಿಂದ ಬಂದದ್ದೆಂದು ಬೆರಳಿಗೆ ತಿಳಿದುಬಿಡುವುದು ಇಂಥ ಕಡೆಯೇ. ಇಲ್ಲಿ ಗುಂಡಿಗಳ ಸೈಜರ್ (ಜೋಡಿಸಿಕೊಡುವ ಸಾಧನ) ಒಂದನ್ನು ಕೇಳಿ ಪಡೆದರೆ ಸಾಕು, ಕ್ರಮ, ಅಂತರ, ಎಂಟರ್ ಒತ್ತಿದರೆ ಯಾವುದು ಕೆಲಸ ಮಾಡಬೇಕು ಎಂಬುದೆಲ್ಲ ಆಯಾ ವ್ಯವಸ್ಥೆಯ ಪದ್ಧತಿಯಂತೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಮೆನುವಿನಲ್ಲಿ ‘ಕುರಿತು’, ‘ಆದ್ಯತೆಗಳು’, ‘ನಿರ್ಗಮನ’ ಎಂಬ ಮೂರು ಸಾಲುಗಳಿಗೆ ಗೊತ್ತುಪಡಿಸಿದ ಗುರುತಿನ ಸಂಖ್ಯೆಗಳನ್ನು ಕೊಟ್ಟರೆ ಮ್ಯಾಕ್‌ನಲ್ಲಿ ಅವು ತಂತ್ರಾಂಶದ ಹೆಸರಿನ ಮೆನುವಿಗೆ ತಾವೇ ಹೋಗಿ ಕೂರುತ್ತವೆ. ಕಂಟ್ರೋಲ್-ಎಸ್ ಎಂದು ಬರೆದದ್ದು ಅಲ್ಲಿ ಕಮಾಂಡ್-ಎಸ್ ಆಗುತ್ತದೆ. ಇಡೀ ಬ್ರೌಸರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬರುವ ಎಲೆಕ್ಟ್ರಾನ್ ಮಾದರಿಯ ತಂತ್ರಾಂಶಗಳನ್ನು ನೋಡಿ ಸಾಕಾದವರಿಗೆ, ಕೆಲವೇ ಮೆಗಾಬೈಟ್‌ಗಳಲ್ಲಿ ಮುಗಿದುಹೋಗುವ, ಒತ್ತಿದ ಕ್ಷಣ ತೆರೆಯುವ ಈ ಮಿತವ್ಯಯ ಕಣ್ಣಿಗೆ ತಂಪೆನಿಸುತ್ತದೆ.

ಹೀಗೆ ಸ್ಥಳೀಯ ವಿಜೆಟ್, ಅಂದರೆ ಆಯಾ ವ್ಯವಸ್ಥೆಯ ಸ್ವಂತ ವಿಜೆಟ್, ಎಂಬ ಒಂದೇ ಮಾತಿನ ಮೇಲೆ ನಿಂತಿರುವ ಚೌಕಟ್ಟು ಇದು. ನನ್ನ ದೂರುಗಳೂ ಆ ಮಾತಿನ ಸುತ್ತಲೇ ಇವೆ. ‘ಸ್ಥಳೀಯ’ ಎಂಬುದು ಎಲ್ಲೆಡೆ ನಿಜವಲ್ಲ. ಸಾಲು-ಅಂಕಣಗಳ ಪಟ್ಟಿ ತೋರಿಸುವ ಲಿಸ್ಟ್ ಕಂಟ್ರೋಲ್ ವಿಂಡೋಸ್‌ನಲ್ಲಿ ಮಾತ್ರ ವ್ಯವಸ್ಥೆಯ ಸ್ವಂತದ್ದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಅದು ಡಬ್ಲ್ಯೂಎಕ್ಸ್ ತಾನೇ ಬಿಡಿಸಿದ ಚಿತ್ರ. ಅದೇ ಕೆಲಸಕ್ಕಿರುವ ಇನ್ನೊಂದು ಕ್ಲಾಸ್ ಡೇಟಾವ್ಯೂ ಕಂಟ್ರೋಲ್‌ನ ಕಥೆ ತಲೆಕೆಳಗು: ಅದು ಜಿಟಿಕೆ (ಲಿನಕ್ಸ್‌ನ ವಿಜೆಟ್ ಲೈಬ್ರರಿ) ಮತ್ತು ಮ್ಯಾಕ್‌ಗಳಲ್ಲಿ ಸ್ಥಳೀಯ, ವಿಂಡೋಸ್‌ನಲ್ಲಿ ಬಿಡಿಸಿದ್ದು. ಎಂದರೆ ಯಾವುದನ್ನು ಆರಿಸಿಕೊಂಡರೂ ಮೂರರಲ್ಲಿ ಕನಿಷ್ಠ ಒಂದು ಕಡೆ ನಕಲಿಯೇ ಸಿಗುತ್ತದೆ. ಅಂಕಣದ ತಲೆಯನ್ನು ಎಳೆದು ಜಾಗ ಬದಲಿಸುವುದು, ಅಕ್ಷರ ಒತ್ತಿ ಸಾಲಿಗೆ ಜಿಗಿಯುವುದು, ಒಂದು ಕೋಶವನ್ನು ತಿದ್ದುತ್ತಿರುವಾಗ ಟ್ಯಾಬ್ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬುದು, ಇಂಥ ಸಣ್ಣಸಣ್ಣ ನಡವಳಿಕೆಗಳು ಈ ಎರಡು ಬಗೆಯ ನಡುವೆ ಬೇರೆಬೇರೆಯಾಗುತ್ತವೆ, ಮತ್ತು ಬಳಕೆದಾರರು ದಿನವಿಡೀ ಬೆರಳಾಡಿಸುವುದು ಇಂಥ ಪಟ್ಟಿಗಳ ಮೇಲೆಯೇ.

ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಮೂರು ವ್ಯವಸ್ಥೆಗಳು ಮೂರು ದಿಕ್ಕಿಗೆ ಬೆಳೆದಿರುವಾಗ ಎಲ್ಲವನ್ನೂ ಸ್ಥಳೀಯವಾಗಿಯೇ ಕೊಡುವುದು ಸಾಧ್ಯವಿಲ್ಲ. ನನಗೆ ಬೇಕಾದದ್ದು, ಯಾವ ಕ್ಲಾಸ್ ಎಲ್ಲಿ ಅಸಲಿ, ಎಲ್ಲಿ ಬಿಡಿಸಿದ್ದು, ಯಾವ ಫಂಕ್ಷನ್ ಎಲ್ಲಿ ಸುಮ್ಮನೆ ಏನೂ ಮಾಡದೆ ಹಿಂದಿರುಗುತ್ತದೆ ಎಂಬುದು ಒಂದೇ ಕೋಷ್ಟಕದಲ್ಲಿ ದಾಖಲೆಯ ಮೊದಲ ಪುಟದಲ್ಲೇ ಸಿಗುವುದು. ಈಗ ಆ ಮಾಹಿತಿ ಇಲ್ಲವೆಂದಲ್ಲ, ಆದರೆ ಒಂದೊಂದು ಕ್ಲಾಸಿನ ವಿವರಣೆಯ ಅಡಿಯಲ್ಲಿ, ಒಂದೊಂದು ಫಂಕ್ಷನ್ನಿನ ಟಿಪ್ಪಣಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಕಂಪೈಲ್ ಮಾಡುವಾಗಲೇ ‘ಈ ಕರೆಗೆ ನೀವು ಗುರಿಯಿಟ್ಟಿರುವ ವ್ಯವಸ್ಥೆಯಲ್ಲಿ ಪರಿಣಾಮವಿಲ್ಲ’ ಎಂದು ಎಚ್ಚರಿಸುವಂತಾದರೆ ಇನ್ನೂ ಒಳ್ಳೆಯದು. ಹೊಸ ರಿಬ್ಬನ್, ಹೊಸ ಬ್ಯಾನರ್, ಹೊಸ ಆನಿಮೇಷನ್ ಯಾವುದಕ್ಕಿಂತಲೂ ಮೊದಲು ನಾನು ಕೇಳುವುದು ಇದನ್ನು.

ಎರಡನೆಯ ಬಯಕೆ ಪಿಕ್ಸೆಲ್ಲಿನ ಲೆಕ್ಕಕ್ಕೆ ಸಂಬಂಧಿಸಿದ್ದು, ಮತ್ತು ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದು ಗುಂಡಿಗೆ ಅಗಲ 200 ಎಂದು ಬರೆದೆವೆನ್ನಿ. ಮ್ಯಾಕ್‌ನಲ್ಲೂ ಜಿಟಿಕೆ 3ರಲ್ಲೂ ಆ 200 ಎಂಬುದು ತಾರ್ಕಿಕ ಪಿಕ್ಸೆಲ್. ಪರದೆ ಎಷ್ಟೇ ಸಾಂದ್ರವಾಗಿದ್ದರೂ ಕಣ್ಣಿಗೆ ಕಾಣುವ ಅಗಲ ಬದಲಾಗುವುದಿಲ್ಲ. ವಿಂಡೋಸ್‌ನಲ್ಲಿ, ತಾನು ಸಾಂದ್ರ ಪರದೆಗಳನ್ನು ಬಲ್ಲೆನೆಂದು ಮ್ಯಾನಿಫೆಸ್ಟ್ ಎಂಬ ವಿವರಣೆಯಲ್ಲಿ ಘೋಷಿಸಿಕೊಂಡ ತಂತ್ರಾಂಶಕ್ಕೆ, ಅದೇ 200 ಎಂಬುದು ಪರದೆಯ ನಿಜವಾದ ಚುಕ್ಕೆಗಳ ಲೆಕ್ಕ. ಹಿಗ್ಗುವಿಕೆಯನ್ನು 200%ಕ್ಕೆ ಇಟ್ಟುಕೊಂಡ ಲ್ಯಾಪ್‌ಟಾಪಿನಲ್ಲಿ ಗುಂಡಿ ಉದ್ದೇಶಿಸಿದ ಅಗಲದ ಅರ್ಧಕ್ಕೆ ಇಳಿಯುತ್ತದೆ, ಒಳಗಿನ ಅಕ್ಷರಗಳು ಮಾತ್ರ ದುಪ್ಪಟ್ಟಾಗುತ್ತವೆ. ನನ್ನ ತಂತ್ರಾಂಶದಲ್ಲಿ ‘ದಾಖಲೆ ಮುದ್ರಿಸಿ’ ಎಂಬ ಗುಂಡಿ ಬಹುದಿನ ‘ದಾಖಲೆ ಮು’ ಎಂದಷ್ಟೇ ತೋರಿಸುತ್ತಿತ್ತು. ತಪ್ಪು ನನ್ನದೇ: ಅಗಲವನ್ನು ಫ್ರಮ್‌ಡಿಐಪಿ ಎಂಬ ಫಂಕ್ಷನ್ನಿನ ಮೂಲಕ ಹಾಯಿಸಬೇಕಿತ್ತು, ಅದು ವಿಂಡೋಸ್‌ನಲ್ಲಿ ಸಂಖ್ಯೆಯನ್ನು ಹಿಗ್ಗಿಸುತ್ತದೆ, ಉಳಿದೆರಡು ಕಡೆ ಹಾಗೆಯೇ ಹಿಂದಿರುಗಿಸುತ್ತದೆ.

ಆದರೆ ಯೋಚಿಸಿ ನೋಡಿ. ಒಂದು ದೊಡ್ಡ ತಂತ್ರಾಂಶದಲ್ಲಿ ಇಂಥ ಸಂಖ್ಯೆಗಳು ನೂರಾರು ಇರುತ್ತವೆ. ಅಂಕಣದ ಅಗಲ, ಅಂಚಿನ ಅಂತರ, ಕನಿಷ್ಠ ಗಾತ್ರ, ಬಿಡಿಸಿದ ಗೆರೆಯ ದಪ್ಪ, ಪ್ರತಿಯೊಂದನ್ನೂ ನೆನಪಿಟ್ಟುಕೊಂಡು ಸುತ್ತಬೇಕು. ಒಂದನ್ನು ಮರೆತರೆ ಕಂಪೈಲರ್ ಚಕಾರವೆತ್ತುವುದಿಲ್ಲ, ಲಿನಕ್ಸ್‌ನಲ್ಲಿ ಕೆಲಸ ಮಾಡುವ ಪ್ರೋಗ್ರಾಮರನಿಗೆ ಅದು ಕಾಣುವುದೂ ಇಲ್ಲ. ಒಂದು ಸಲ ಸುತ್ತಿದ್ದನ್ನೇ ಇನ್ನೊಂದು ಸಲ ಸುತ್ತಿದರೆ ಎರಡು ಸಲ ಹಿಗ್ಗುತ್ತದೆ, ಅದಕ್ಕೂ ಎಚ್ಚರಿಕೆಯಿಲ್ಲ. ಇದಕ್ಕೆ ನಾನು ಬಯಸುವ ಪರಿಹಾರ ಸರಳ: ತಾರ್ಕಿಕ ಅಳತೆಗೆ ಒಂದು ಪ್ರತ್ಯೇಕ ಟೈಪ್ ಇರಲಿ, ನಿಜವಾದ ಚುಕ್ಕೆಗೆ ಇನ್ನೊಂದು ಇರಲಿ, ಒಂದನ್ನು ಕೇಳುವ ಕಡೆ ಇನ್ನೊಂದನ್ನು ಕೊಟ್ಟರೆ ಕಂಪೈಲ್ ಆಗದಿರಲಿ. ಭಾಷೆಯಲ್ಲಿ ಇದಕ್ಕೆ ಬೇಕಾದ ಸೌಕರ್ಯ ಎಂದಿನಿಂದಲೂ ಇದೆ. ಚಿತ್ರಗಳ ವಿಷಯದಲ್ಲಿ 3.2 ಈಗಾಗಲೇ ಈ ದಾರಿ ಹಿಡಿದಿದೆ. ಬಿಟ್‌ಮ್ಯಾಪ್ ಬಂಡಲ್ ಎಂಬ ಕ್ಲಾಸ್ ಒಂದೇ ಚಿತ್ರದ ಹಲವು ಗಾತ್ರಗಳನ್ನು, ಇಲ್ಲವೇ ಎಷ್ಟು ಹಿಗ್ಗಿಸಿದರೂ ಮಸುಕಾಗದ ಒಂದು ಎಸ್‌ವಿಜಿ ಕಡತವನ್ನು ಹಿಡಿದಿಟ್ಟುಕೊಂಡು, ಯಾವ ಪರದೆಗೆ ಯಾವುದು ಬೇಕೋ ಅದನ್ನು ಕೊಡುತ್ತದೆ. ಟೂಲ್‌ಬಾರಿನ ಮಸುಕು ಚಿತ್ರಗಳ ಕಾಟ ನನಗೆ ಅಂದಿಗೇ ಮುಗಿಯಿತು. ಚಿತ್ರಕ್ಕೆ ಸಿಕ್ಕ ಆ ಮರ್ಯಾದೆ ಅಳತೆಗೂ ಸಿಗಬೇಕು.

ಅಳತೆಯ ಮಾತು ಬಂದ ಮೇಲೆ ಸೈಜರ್‌ಗಳನ್ನು ಬಿಡುವಂತಿಲ್ಲ. ವಿಂಡೋದೊಳಗಿನ ಜೋಡಣೆಗೆ ಡಬ್ಲ್ಯೂಎಕ್ಸ್ ಕೊಟ್ಟಿರುವ ಈ ವಿಧಾನ, ಅಂದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಯಾರು ಎಷ್ಟು ಪಾಲು ಜಾಗ ತೆಗೆದುಕೊಳ್ಳಬೇಕೆಂದು ಹೇಳುವುದು, ಕಲಿಯಲು ಒಂದು ದಿನ ಹಿಡಿದರೂ ಆಮೇಲೆ ಕೈಬಿಡುವುದಿಲ್ಲ. 3.1 ಸರಣಿಯಿಂದ ಒಂದು ಬದಲಾವಣೆ ಬಂತು: ‘ಪೂರ್ತಿ ಹಿಗ್ಗು’ ಎಂದೂ ‘ಬಲಕ್ಕೆ ಸರಿ’ ಎಂದೂ ಒಟ್ಟಿಗೆ ಹೇಳುವಂಥ, ಒಂದಕ್ಕೊಂದು ಹೊಂದದ ಸೂಚನೆಗಳನ್ನು ಕೊಟ್ಟರೆ ಓಡುವಾಗ ಎಚ್ಚರಿಕೆಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತಿದ್ದ ಹಳೆಯ ತಂತ್ರಾಂಶಗಳು ಹೊಸ ಲೈಬ್ರರಿಯೊಂದಿಗೆ ಕಟ್ಟಿದ ದಿನವೇ ಬಳಕೆದಾರರ ಮುಂದೆ ಇಂಥ ಪೆಟ್ಟಿಗೆಗಳನ್ನು ಉದುರಿಸತೊಡಗಿದವು, ಕೊನೆಗೆ ಅದನ್ನು ಅಡಗಿಸಲು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನೇ ಕೊಡಬೇಕಾಯಿತು. ತಪ್ಪು ತೋರಿಸಿದ್ದು ಸರಿ, ತೋರಿಸಿದ ಹೊತ್ತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸ ಬಗೆಯ ಸೈಜರ್ ಫ್ಲಾಗ್ಸ್ ಬರವಣಿಗೆಯನ್ನು ಟೈಪ್‌ಗಳ ಮಟ್ಟದಲ್ಲೇ ಬಿಗಿಗೊಳಿಸಿದರೆ ಈ ಜಗಳ ಕಂಪೈಲರಿನ ಎದುರೇ ಮುಗಿಯುತ್ತದೆ, ಬಳಕೆದಾರರ ಮನೆಬಾಗಿಲಿಗೆ ಹೋಗುವುದಿಲ್ಲ.

ಅಕ್ಷರಗಳ ವಿಚಾರ ಕನ್ನಡದಲ್ಲಿ ತಂತ್ರಾಂಶ ಕಟ್ಟುವವರಿಗಂತೂ ನೇರವಾಗಿ ತಟ್ಟುವಂಥದ್ದು. ಗುಂಡಿಯ ಮೇಲಿನ ಬರಹವನ್ನು ಮೂಲ ಕೋಡಿನಲ್ಲಿ ಸಾಮಾನ್ಯ ಉದ್ಧರಣ ಚಿಹ್ನೆಗಳ ನಡುವೆ ಕನ್ನಡದಲ್ಲೇ ಬರೆದು 3.2ರಲ್ಲಿ ಕಂಪೈಲ್ ಮಾಡಿ. ಲಿನಕ್ಸ್‌ನಲ್ಲಿ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಹೊಂದಿಕೆ, ಎಲ್ಲ ಲಿಪಿಗಳನ್ನೂ ಬಲ್ಲ ಯುಟಿಎಫ್-8 ಆಗಿದ್ದರೆ ಗುಂಡಿ ಚೆನ್ನಾಗಿ ಕಾಣುತ್ತದೆ. ಅದೇ ಕೋಡ್ ವಿಂಡೋಸ್‌ನಲ್ಲಿ ಹಳೆಯ ಕೋಡ್‌ಪೇಜಿನ (ಸೀಮಿತ ಅಕ್ಷರ ಸಂಕೇತಗಳ ಪಟ್ಟಿಯ) ಕಣ್ಣಿನಿಂದ ಬೈಟುಗಳನ್ನು ಓದಿ ಅರ್ಥವಿಲ್ಲದ ಚಿಹ್ನೆಗಳನ್ನು ತೋರಿಸಬಹುದು, ಇಲ್ಲವೇ ಪರಿವರ್ತನೆ ಸೋತು ಗುಂಡಿಯೇ ಖಾಲಿಯಾಗಿ ನಿಲ್ಲಬಹುದು. ದೋಷವೆಂದು ಹೇಳುವವರಿಲ್ಲ, ದಾಖಲಿಸುವವರಿಲ್ಲ. ಖಾಲಿ ಗುಂಡಿಯನ್ನು ನೋಡುತ್ತಾ ಫಾಂಟಿನ ತಪ್ಪೆಂದು ತಿಳಿದು ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ. ಯುಟಿಎಫ್-8ರಿಂದ ಎಂದು ಸ್ಪಷ್ಟವಾಗಿ ಹೇಳಿ ಪರಿವರ್ತಿಸುವ ಫಂಕ್ಷನ್ ಇದೆ, ಗುಟ್ಟಾಗಿ ನಡೆಯುವ ಪರಿವರ್ತನೆಯನ್ನು ಪೂರ್ತಿ ನಿಷೇಧಿಸುವ ಮ್ಯಾಕ್ರೋ ಕೂಡ ಇದೆ. ಆದರೆ ಇವೆರಡೂ ಬಲ್ಲವರಿಗೆ ಮಾತ್ರ. ಮುಂದಿನ ಸ್ಥಿರ ಆವೃತ್ತಿಯಲ್ಲಿ ಮೂರೂ ವ್ಯವಸ್ಥೆಗಳಲ್ಲಿ ಸಾಮಾನ್ಯ ಬರಹವೆಂದರೆ ಯುಟಿಎಫ್-8 ಎಂದೇ ಹಿಡಿಯಬೇಕು, ಆಗ ಅರಿಯದವರಿಗೂ ಸರಿಯಾದ ಅಕ್ಷರ ತಾನಾಗಿಯೇ ದಕ್ಕುತ್ತದೆ. ಒಂದು ಸಮಾಧಾನವನ್ನೂ ಹೇಳಬೇಕು: ಒಮ್ಮೆ ಸರಿಯಾದ ಅಕ್ಷರಗಳು ಒಳಗೆ ಹೋದವೆಂದರೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸುವ ಕೆಲಸವನ್ನು ವ್ಯವಸ್ಥೆಯ ಸ್ವಂತ ಯಂತ್ರಗಳೇ ಮಾಡುವುದರಿಂದ, ಸ್ಥಳೀಯ ವಿಜೆಟ್‌ಗಳಲ್ಲಿ ಬರಹ ಒಡೆದು ಕಾಣುವುದಿಲ್ಲ. ಎಲ್ಲವನ್ನೂ ತಾವೇ ಬಿಡಿಸುವ ಕೆಲವು ಹಗುರ ಚೌಕಟ್ಟುಗಳಲ್ಲಿ ಈ ಭಾಗ್ಯವಿಲ್ಲ.

ಈಗ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದ ವಿಷಯ: ಕಣ್ಣು ಕಾಣದವರು ತಂತ್ರಾಂಶವನ್ನು ಬಳಸುವ ಬಗೆ. ಪರದೆಯನ್ನು ಓದಿ ಹೇಳುವ ಮುಕ್ತ ತಂತ್ರಾಂಶ ಎನ್‌ವಿಡಿಎಯ ಸ್ವಂತ ಮೆನು ಮತ್ತು ಸಂವಾದ ಪೆಟ್ಟಿಗೆಗಳು ಡಬ್ಲ್ಯೂಎಕ್ಸ್‌ನ ಪೈಥಾನ್ ರೂಪದಲ್ಲೇ ಕಟ್ಟಿದವು ಎಂಬುದು ಈ ಚೌಕಟ್ಟಿಗೆ ಸಿಗಬಹುದಾದ ದೊಡ್ಡ ಪ್ರಶಂಸಾಪತ್ರ. ಅದಕ್ಕೆ ಕಾರಣವೂ ಸ್ಪಷ್ಟ: ವ್ಯವಸ್ಥೆಯ ಸ್ವಂತ ಗುಂಡಿ, ಸ್ವಂತ ಪಠ್ಯ ಪೆಟ್ಟಿಗೆಗಳು ತಾವು ಏನೆಂದು ಪರದೆ ಓದುಗಕ್ಕೆ ತಾವೇ ಹೇಳಿಕೊಳ್ಳುತ್ತವೆ, ಪ್ರೋಗ್ರಾಮರ್ ಬೆರಳೆತ್ತಬೇಕಿಲ್ಲ. ಆದರೆ ಬಿಡಿಸಿದ ವಿಜೆಟ್‌ಗೆ ಈ ನಾಲಿಗೆ ಇಲ್ಲ. ನನ್ನ ತಂತ್ರಾಂಶದ ಜೀವಾಳವಾಗಿರುವ ಗ್ರಿಡ್ ಎಂಬ ಕೋಷ್ಟಕ ಎಲ್ಲ ವ್ಯವಸ್ಥೆಗಳಲ್ಲೂ ಡಬ್ಲ್ಯೂಎಕ್ಸ್ ತಾನೇ ಬಿಡಿಸುವಂಥದ್ದು. ನೋಡುವವರಿಗೆ ನೂರು ಸಾಲು, ಕೇಳುವವರಿಗೆ ಒಂದು ಮೂಕ ಚೌಕ. ಇಂಥವಕ್ಕೆ ಮಾತು ಕೊಡಲೆಂದೇ ಆಕ್ಸೆಸಿಬಲ್ ಎಂಬ ಕ್ಲಾಸ್ ಇದೆ. 3.2ರಲ್ಲಿ ಅದು ಬೆಂಬಲಿಸುವುದು ವಿಂಡೋಸ್‌ನ ಹಳೆಯ ಎಂಎಸ್‌ಎಎ ಪದ್ಧತಿಯನ್ನು ಮಾತ್ರ. ವಿಂಡೋಸ್‌ನಲ್ಲೇ ಅದರ ಉತ್ತರಾಧಿಕಾರಿಯಾಗಿ ಯುಐ ಆಟೊಮೇಷನ್ ವಿಸ್ಟಾ ಕಾಲದಲ್ಲಿ ಬಂದಿದೆ. ಲಿನಕ್ಸ್‌ನ ಓರ್ಕಾ ಮತ್ತು ಮ್ಯಾಕ್‌ನ ವಾಯ್ಸ್‌ಓವರ್ ಎಂಬ ಪರದೆ ಓದುಗಗಳ ಕಡೆಗೆ ಆ ಕ್ಲಾಸ್‌ಗೆ ದಾರಿಯೇ ಇಲ್ಲ.

ಹಾಗಾಗಿ ನಾನು ಬಯಸುವುದು ಒಂದೇ ವಿವರಣೆ, ಮೂರು ತರ್ಜುಮೆ. ಈ ಕೋಶ ಇಷ್ಟನೇ ಸಾಲಿನದು, ಇದರ ಬೆಲೆ ಇಷ್ಟು, ಇದನ್ನು ತಿದ್ದಬಹುದು ಎಂದು ಪ್ರೋಗ್ರಾಮರ್ ಒಮ್ಮೆ ಹೇಳಬೇಕು. ಅದನ್ನು ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳ ಪದ್ಧತಿಗೆ ಹೊಂದಿಸುವುದು ಚೌಕಟ್ಟಿನ ಕೆಲಸ. ಮೆನು ಮತ್ತು ಗುಂಡಿಗಳ ವಿಷಯದಲ್ಲಿ ಮೂರು ದಶಕಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಗ್ರಿಡ್, ಪ್ರಾಪರ್ಟಿ ಗ್ರಿಡ್, ಈ ಎರಡು ಬಿಡಿಸಿದ ವಿಜೆಟ್‌ಗಳು ಮಾತಾಡುವಂತಾದರೆ ಉಳಿದ ಬಯಕೆಗಳಲ್ಲಿ ಅರ್ಧವನ್ನು ನಾನು ಬಿಟ್ಟುಕೊಡಲು ಸಿದ್ಧ.

ಲಿನಕ್ಸ್‌ನ ಕಡೆ ನೆಲವೇ ಕದಲುತ್ತಿದೆ. ಹಳೆಯ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬಂದಿದೆ, ಮತ್ತು ವೇಲ್ಯಾಂಡಿನ ನಿಯಮದಲ್ಲಿ ಒಂದು ತಂತ್ರಾಂಶ ತನ್ನ ಮುಖ್ಯ ವಿಂಡೋ ಪರದೆಯ ಯಾವ ಮೂಲೆಯಲ್ಲಿ ಕೂರಬೇಕೆಂದು ಹೇಳುವಂತಿಲ್ಲ, ತಾನು ಎಲ್ಲಿ ಕೂತಿದ್ದೇನೆಂದು ತಿಳಿಯುವಂತೆಯೂ ಇಲ್ಲ. ‘ಕಳೆದ ಸಲ ಮುಚ್ಚಿದ ಜಾಗದಲ್ಲೇ ತೆರೆ’ ಎಂಬ ಸಣ್ಣ ಸೌಜನ್ಯ ಅಲ್ಲಿಗೆ ನಿಂತಿತು. ಎಯುಐ ಎಂಬ ಸೌಕರ್ಯದಲ್ಲಿ ಪಕ್ಕದ ಫಲಕವೊಂದನ್ನು ಹಿಡಿದೆಳೆದು ತೇಲಿಸಿ ಮತ್ತೆ ಅಂಟಿಸುವ ಆಟವೂ ಪರದೆಯ ಸ್ಥಾನಗಳ ಲೆಕ್ಕವನ್ನೇ ನೆಚ್ಚಿಕೊಂಡದ್ದು. ಬಿಡಿಸುವ ಕೆಲಸ ಬಣ್ಣ ಬಳಿಯುವ ಸಂದೇಶ ಬಂದಾಗ ಮಾತ್ರ ಆಗಬೇಕು; ನಡುವೆ ಎಂದಾದರೂ ಕ್ಲೈಂಟ್ ಡಿಸಿ ಎಂಬ ಬಿಡಿಸುವ ಕ್ಲಾಸ್ ತೆಗೆದುಕೊಂಡು ಗೆರೆ ಎಳೆದರೆ ವೇಲ್ಯಾಂಡಿನಲ್ಲಿ ಏನೂ ಮೂಡುವುದಿಲ್ಲ. ನನ್ನ ಗೆರೆನಕ್ಷೆಯ ಮೇಲೆ ಮೌಸ್ ಜೊತೆಗೆ ಓಡುವ ಅಡ್ಡ-ಉದ್ದ ಗೆರೆಗಳು ಒಂದು ಬೆಳಿಗ್ಗೆ ಮಾಯವಾದದ್ದು ಹೀಗೆ, ಅದೂ ನಾನು ಹಳೆಯ ಚಟ ಬಿಡದ ಕಾರಣಕ್ಕೆ. ಇವೆಲ್ಲಕ್ಕೂ ಡಬ್ಲ್ಯೂಎಕ್ಸ್ ಅನ್ನು ದೂರುವುದು ನ್ಯಾಯವಲ್ಲ. ಆದರೆ ಸದ್ಯದ ಮನೆಮದ್ದು, ಅಂದರೆ ತಂತ್ರಾಂಶವನ್ನು ಬಲವಂತವಾಗಿ ಹಳೆಯ ಎಕ್ಸ್ ದಾರಿಯಲ್ಲಿ ಓಡಿಸುವುದು, ಹೆಚ್ಚು ಕಾಲ ನಡೆಯದು. ಇನ್ನೊಂದು ಕಡೆ ಜಿಟಿಕೆ 4 ಬಂದದ್ದು 2020ರ ಡಿಸೆಂಬರಿನಲ್ಲಿ, 3.2 ನಿಂತಿರುವುದು ಜಿಟಿಕೆ 2 ಮತ್ತು 3ರ ಮೇಲೆಯೇ. ಕೈ ಕಡಿಮೆ ಇದ್ದರೆ ಜಿಟಿಕೆ 2ನ್ನು ಬೀಳ್ಕೊಟ್ಟು ಆ ಶ್ರಮವನ್ನು 4ಕ್ಕೆ ಹಾಕಲಿ ಎನ್ನುತ್ತೇನೆ.

ಕಪ್ಪು ಹಿನ್ನೆಲೆಯ ಬಗ್ಗೆ ಬೇಗ ಮುಗಿಸುತ್ತೇನೆ. ಮ್ಯಾಕ್‌ನಲ್ಲೂ ಜಿಟಿಕೆಯಲ್ಲೂ ಅದು ವ್ಯವಸ್ಥೆಯಿಂದಲೇ ಬರುತ್ತದೆ. ವಿಂಡೋಸ್‌ಗೆ 2025ರಲ್ಲಿ ಬಂದ 3.3 ಅದನ್ನು ತಂದಿತು, ನಾವೇ ಕೇಳಿಕೊಂಡರೆ ಮಾತ್ರ ಚಾಲೂ ಆಗುವಂತೆ. ಅದಕ್ಕಾಗಿ ವಿಂಡೋಸ್‌ನ ಅಧಿಕೃತವಾಗಿ ದಾಖಲಿಸದ ಫಂಕ್ಷನ್‌ಗಳನ್ನು ಬಳಸಬೇಕಾಗಿದೆ ಎಂಬುದನ್ನು ಅವರ ದಾಖಲೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಜೊತೆಗೆ ಯಾವುದು ಇನ್ನೂ ಬಿಳಿಯಾಗಿಯೇ ಉಳಿಯುತ್ತದೆ ಎಂಬ ಪಟ್ಟಿಯನ್ನೂ ಕೊಡುತ್ತದೆ: ಸಂದೇಶ ಪೆಟ್ಟಿಗೆ, ಮುದ್ರಣದ ಪೆಟ್ಟಿಗೆ, ಬಣ್ಣ ಆರಿಸುವ ಪೆಟ್ಟಿಗೆ, ದಿನಾಂಕದ ಆಯ್ಕೆ. ಕತ್ತಲ ಕೋಣೆಯಲ್ಲಿ ಅಂಕಿ ನೋಡುತ್ತಿರುವಾಗ ‘ಅಳಿಸಲೇ?’ ಎಂಬ ಪ್ರಶ್ನೆ ಟಾರ್ಚ್ ಬೆಳಕಿನಂತೆ ಕಣ್ಣಿಗೆ ಹೊಡೆಯುವುದು ತಪ್ಪಬೇಕು. ಆದರೂ ಈ ಪಟ್ಟಿಯ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು; ಸ್ಥಳೀಯ ಮತ್ತು ಬಿಡಿಸಿದ ವಿಜೆಟ್‌ಗಳ ಬಗ್ಗೆ ಮೇಲೆ ನಾನು ಕೇಳಿದ ಕೋಷ್ಟಕ ಇದೇ ಧಾಟಿಯದು.

ಪರದೆಯ ವಿನ್ಯಾಸವನ್ನು ಕೈಯಿಂದ ಬರೆಯಲು ಇಷ್ಟವಿಲ್ಲದವರಿಗೆ ಡಬ್ಲ್ಯೂಎಕ್ಸ್‌ಫಾರ್ಮ್‌ಬಿಲ್ಡರ್, ಡಬ್ಲ್ಯೂಎಕ್ಸ್‌ಗ್ಲೇಡ್ ಮುಂತಾದ ಸಲಕರಣೆಗಳಿವೆ. ಅವು ಹೊರಗಿನ ಉತ್ಸಾಹಿಗಳ ಪ್ರತ್ಯೇಕ ಯೋಜನೆಗಳು. ಕ್ಯೂಟಿಯ ಜೊತೆಗೆ ಡಿಸೈನರ್ ಬರುವಂತೆ ಲೈಬ್ರರಿಯ ಜೊತೆಗೇ ಬರುವಂಥದ್ದು ಇಲ್ಲಿಲ್ಲ. ಅಧಿಕೃತವಾಗಿ ಇರುವುದು ಎಕ್ಸ್‌ಆರ್‌ಸಿ, ಅಂದರೆ ವಿಂಡೋದ ವಿನ್ಯಾಸವನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಟ್ಟು ಓಡುವಾಗ ತೆರೆಯುವ ಪದ್ಧತಿ. ವಿಚಾರ ಚೆನ್ನಾಗಿದೆ. ತೊಂದರೆಯೆಂದರೆ ವಿಜೆಟ್‌ಗಳನ್ನು ಹೆಸರಿನಿಂದ ಹುಡುಕಬೇಕು, ಆ ಹೆಸರು ಬರಿಯ ಪಠ್ಯ. ಕಡತದಲ್ಲಿ ‘ತೂಕ_ಪೆಟ್ಟಿಗೆ’ ಎಂದಿದ್ದು ಕೋಡಿನಲ್ಲಿ ‘ತೂಕ_ಪಟ್ಟಿಗೆ’ ಎಂದು ಬೆರಳು ಜಾರಿದರೆ ಕಂಪೈಲ್ ಸಲೀಸಾಗಿ ಆಗುತ್ತದೆ, ಆ ವಿಂಡೋ ತೆರೆದ ದಿನ ತಂತ್ರಾಂಶ ಮುಗ್ಗರಿಸುತ್ತದೆ. ಹೆಸರುಗಳಿಂದ ಹೆಡರ್ ಕಡತವನ್ನು ಹುಟ್ಟಿಸಿಕೊಡುವ ಆಯ್ಕೆ ಡಬ್ಲ್ಯೂಎಕ್ಸ್‌ಆರ್‌ಸಿ ಎಂಬ ಉಪಕರಣದಲ್ಲಿ ಇದೆಯಾದರೂ ಹೊಸಬರು ಅದರತ್ತ ಕಣ್ಣು ಹಾಯಿಸುವುದೇ ಅಪರೂಪ. ನಾನು ಬಯಸುವುದು ಇಷ್ಟು: ಆ ಹೆಡರ್ ಹುಟ್ಟಿಸುವುದು ಸಿಮೇಕ್ ಎಂಬ ಸಲಕರಣೆಯ ಮೂಲಕ ತಂತ್ರಾಂಶ ಕಟ್ಟುವಾಗ ತಾನಾಗಿಯೇ ನಡೆಯಲಿ; ತಂತ್ರಾಂಶ ಓಡುತ್ತಿರುವಾಗಲೇ ಎಕ್ಸ್‌ಎಂಎಲ್ ಕಡತವನ್ನು ತಿದ್ದಿ ಉಳಿಸಿದರೆ ವಿಂಡೋ ಹೊಸ ರೂಪದಲ್ಲಿ ಮತ್ತೆ ಕಟ್ಟಿಕೊಳ್ಳಲಿ. ಫ್ಲಟರ್ ಚೌಕಟ್ಟಿನಲ್ಲಿ ಹೀಗೆ ತಕ್ಷಣ ಬದಲಾಗುವ ಹಾಟ್ ರೀಲೋಡ್ ನೋಡಿ ಬಂದ ತರುಣರಿಗೆ, ಒಂದು ಅಂಚನ್ನು 4ರಿಂದ 6ಕ್ಕೆ ಏರಿಸಲು ಪುನಃ ಕಂಪೈಲ್ ಮಾಡಬೇಕೆಂದು ಹೇಳುವಾಗ ನನಗೇ ಸಂಕೋಚವಾಗುತ್ತದೆ.

ಥ್ರೆಡ್‌ಗಳ, ಅಂದರೆ ಒಂದೇ ತಂತ್ರಾಂಶದೊಳಗೆ ಏಕಕಾಲಕ್ಕೆ ಓಡುವ ಎಳೆಗಳ, ವಿಷಯದಲ್ಲೂ ಮೂರು ಕಡೆಯ ಬಿರುಕು ಕಾಣಿಸುತ್ತದೆ. ಪರದೆಯನ್ನು ಮುಟ್ಟುವ ಕೆಲಸ ಮುಖ್ಯ ಥ್ರೆಡ್‌ನದು ಮಾತ್ರ ಎಂಬುದು ನಿಯಮ, ನಿಯಮ ಎಲ್ಲರಿಗೂ ಗೊತ್ತು. ಸೀರಿಯಲ್ ಪೋರ್ಟ್ ಓದುವ ಹಿನ್ನೆಲೆಯ ಥ್ರೆಡ್‌ನಿಂದಲೇ ನಾನು ಒಮ್ಮೆ ಲೇಬಲ್ಲಿನ ಪಠ್ಯ ಬದಲಿಸಿದ್ದೆ. ವಿಂಡೋಸ್‌ನಲ್ಲಿ ಆ ಕರೆ ಸಂದೇಶವಾಗಿ ಮುಖ್ಯ ಥ್ರೆಡ್‌ಗೆ ಹೋಗುವುದರಿಂದ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಲಿನಕ್ಸ್‌ಗೆ ಒಯ್ದ ಮೊದಲ ದಿನವೇ, ಅದೂ ಗಂಟೆಗೊಮ್ಮೆ ಎಂಬಂತೆ, ಕುಸಿಯತೊಡಗಿತು. ಕಾಲ್‌ಆಫ್ಟರ್ ಮೂಲಕ ಕೆಲಸವನ್ನು ಮುಖ್ಯ ಥ್ರೆಡ್‌ಗೆ ಒಪ್ಪಿಸಿದ ಮೇಲೆ ಎಲ್ಲ ಸರಿಹೋಯಿತು. ಡೀಬಗ್ ಆವೃತ್ತಿಯಲ್ಲಾದರೂ ಪ್ರತಿ ವಿಜೆಟ್ ಕರೆಯೂ ತಾನು ಯಾವ ಥ್ರೆಡ್‌ನಲ್ಲಿದ್ದೇನೆಂದು ಪರೀಕ್ಷಿಸಿ, ತಪ್ಪಿದ್ದರೆ ಅಲ್ಲೇ ತಡೆದು ಹೇಳಿದರೆ, ನನ್ನಂಥವರ ತಪ್ಪು ವಿಂಡೋಸ್‌ನಲ್ಲೇ, ಮೊದಲ ಓಟದಲ್ಲೇ ಸಿಕ್ಕಿಬೀಳುತ್ತಿತ್ತು.

ಬಿಡುಗಡೆಗಳ ನಡುವಿನ ಅಂತರದ ಬಗ್ಗೆ ಒಂದು ಗೊಣಗಾಟ. ಸ್ಥಿರ ಆವೃತ್ತಿ 3.0 ಬಂದದ್ದು 2013ರ ನವೆಂಬರಿನಲ್ಲಿ, ಮುಂದಿನ ಸ್ಥಿರ ಆವೃತ್ತಿ 3.2 ಬಂದದ್ದು 2022ರ ಜುಲೈನಲ್ಲಿ. ಆ ಎಂಟೂವರೆ ವರ್ಷಗಳಲ್ಲಿ ಹೊಸದೆಲ್ಲ 3.1ರ ಬೆಸ ಸಂಖ್ಯೆಯ ಅಭಿವೃದ್ಧಿ ಸರಣಿಯಲ್ಲಿ ಸಿಗುತ್ತಿತ್ತು, ಅದನ್ನು ಬಳಸಲು ಅಡ್ಡಿಯಿಲ್ಲವೆಂದು ಬಲ್ಲವರು ಹೇಳುತ್ತಲೂ ಇದ್ದರು. ಆದರೆ ಲಿನಕ್ಸ್ ವಿತರಣೆಗಳು ಸಾಮಾನ್ಯವಾಗಿ ಸ್ಥಿರವೆಂದು ಹೆಸರಿಟ್ಟದ್ದನ್ನೇ ಕೊಡುತ್ತವೆ, ಸಂಸ್ಥೆಗಳಲ್ಲಿ ಅನುಮತಿ ಕೊಡುವವರೂ ಆ ಹೆಸರನ್ನೇ ನೋಡುತ್ತಾರೆ. ಬೆರಳೆಣಿಕೆಯ ಜನ ಹೊತ್ತ ಭಾರವೆಂದು ಬಲ್ಲೆ. ಆದರೂ ಎರಡು ವರ್ಷಕ್ಕೊಮ್ಮೆ, ಸಿದ್ಧವಿದ್ದಷ್ಟನ್ನೇ ಕಟ್ಟಿ ಸ್ಥಿರವೆಂದು ಹೊರಬಿಟ್ಟರೆ ಆಗುವ ಲಾಭ, ಎಲ್ಲ ಕೂಡಿ ಬರಲೆಂದು ಕಾಯುವುದರಲ್ಲಿಲ್ಲ.

ಹಲವರು ಕೇಳುವ, ಆದರೆ ನಾನು ಕೇಳದ ಒಂದಿದೆ: ಮೊಬೈಲ್. ಆಂಡ್ರಾಯ್ಡ್ ಮತ್ತು ಐಫೋನ್‌ಗಳಿಗೆ ಡಬ್ಲ್ಯೂಎಕ್ಸ್ ಒಯ್ಯುವ ಪ್ರಯತ್ನಗಳು ಪ್ರಯೋಗದ ಹಂತ ದಾಟಿಲ್ಲ. ದಾಟದಿದ್ದರೂ ನನಗೆ ಬೇಸರವಿಲ್ಲ. ಮೆನುಬಾರ್, ಟೂಲ್‌ಬಾರ್, ಬಲಗುಂಡಿಯ ಮೆನು, ಹತ್ತು ಅಂಕಣದ ಕೋಷ್ಟಕ, ಇವೇ ಈ ಚೌಕಟ್ಟಿನ ಶಬ್ದಕೋಶ. ಹೆಬ್ಬೆರಳಿನಿಂದ ಸವರುವ ಪರದೆಗೆ ಅದನ್ನು ಹಿಗ್ಗಿಸಿದರೆ ಎರಡು ಕಡೆಯೂ ಸಲ್ಲದಂತಾದೀತು. ಅದಕ್ಕಿಂತ ಸಿ ಭಾಷೆಯಲ್ಲಿ ಒಂದು ತೆಳುವಾದ, ಅಧಿಕೃತವಾದ ಹೊದಿಕೆಯನ್ನು ಕೊಟ್ಟರೆ ರಸ್ಟ್, ಗೋ ಮೊದಲಾದ ಭಾಷೆಗಳವರೂ ಬಂದು ಸೇರಿಕೊಳ್ಳುತ್ತಾರೆ. ಈಗ ಪ್ರತಿಯೊಬ್ಬರೂ ಸಿ ಪ್ಲಸ್ ಪ್ಲಸ್ ಗೋಡೆಗೆ ತಮ್ಮದೇ ಕಿಂಡಿ ಕೊರೆದುಕೊಳ್ಳುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಇಂದು ಇದನ್ನು ಆರಿಸಿಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಕೆಲಸವನ್ನು ನೋಡಿ ಬದಲಾಗುತ್ತದೆ. ನಮೂನೆಗಳನ್ನು ತುಂಬುವ, ಕಡತ ತೆರೆದು ತಿದ್ದಿ ಉಳಿಸುವ, ಯಂತ್ರದೊಂದಿಗೆ ಮಾತಾಡುವ ಮೇಜಿನ ತಂತ್ರಾಂಶವಾದರೆ ಹಿಂಜರಿಕೆಯಿಲ್ಲದೆ ಹೌದು. ಬಣ್ಣಬಣ್ಣದ ಸ್ವಂತ ಚಹರೆ ಬೇಕೆಂದರೆ, ಇಲ್ಲವೇ ಕೋಷ್ಟಕವೊಂದು ಲಿನಕ್ಸ್‌ನಲ್ಲಿ ಪರದೆ ಓದುಗದೊಂದಿಗೆ ಇಂದೇ ಮಾತಾಡಬೇಕೆಂದರೆ ಬೇರೆ ಕಡೆ ನೋಡಿ. ನನ್ನ ತೂಕದ ತಂತ್ರಾಂಶದ ಅಧಿಕೃತ ಪ್ರತಿ ಸದ್ಯಕ್ಕೆ 3.2ರಲ್ಲೇ ಇದೆ. 3.3ರಲ್ಲಿ ಕಟ್ಟಿದ ಇನ್ನೊಂದು ಪ್ರತಿ ಕಪ್ಪು ಹಿನ್ನೆಲೆಯಲ್ಲಿ ಪಕ್ಕದಲ್ಲೇ ಓಡುತ್ತಿದೆ. ಅದರ ಗ್ರಿಡ್ಡಿನ ಪರವಾಗಿ, ಬಾಣದ ಕೀಲಿಯಿಂದ ಸಾಲು ಬದಲಿಸಿದಂತೆಲ್ಲ ಆ ಸಾಲಿನ ಅಂಕಿಗಳನ್ನು ಪರದೆ ಓದುಗಕ್ಕೆ ಸಿಗುವಂತೆ ತೋರಿಸುವ ಒಂದು ಸ್ಥಳೀಯ ಪಠ್ಯ ಪೆಟ್ಟಿಗೆಯನ್ನು ಕೋಷ್ಟಕದ ಅಡಿಯಲ್ಲಿ ನಾನೇ ಇಟ್ಟುಕೊಂಡಿದ್ದೇನೆ. ಗ್ರಿಡ್ ತಾನೇ ಮಾತಾಡಲು ಕಲಿತ ದಿನ ಅದನ್ನು ತೆಗೆದುಹಾಕುತ್ತೇನೆ.